ವೈದ್ಯಕೀಯ ಪರೀಕ್ಷೆಗೆ ಮಗುವನ್ನು ಅಣಿಗೊಳಿಸುವ ಬಗೆ

ಮಗುವಿಗೆ ರಕ್ತಪರೀಕ್ಷೆಯನ್ನೋ ಸ್ಕ್ಯಾನನ್ನೋ ವೈದ್ಯರು ಬರೆದುಕೊಟ್ಟರೆ, ಅದನ್ನು ಮಗುವಿಗೆ ಯಾವಾಗ, ಯಾವ ಮಾತಿನಲ್ಲಿ ತಿಳಿಸಬೇಕೆಂಬುದನ್ನು ಹೆತ್ತವರು ಮೊದಲು ತೀರ್ಮಾನಿಸಿಕೊಳ್ಳಬೇಕು. ಮೂರು-ನಾಲ್ಕು ವರ್ಷದ ಮಗುವಿಗೆ ಹಿಂದಿನ ದಿನವೋ ಅಂದೇ ಬೆಳಿಗ್ಗೆಯೋ ಹೇಳಿದರೆ ಸಾಕು. ಶಾಲೆಗೆ ಹೋಗುವ ಮಕ್ಕಳಿಗಾದರೆ ಪ್ರಶ್ನೆ ಕೇಳಲು ಬಿಡುವಾಗುವಂತೆ ಕೆಲವು ದಿನ ಮೊದಲೇ ತಿಳಿಸಬೇಕು. 'ಏನೂ ನೋಯುವುದಿಲ್ಲ' ಎಂದು ಮಾತ್ರ ಹೇಳಕೂಡದು. ಸೂಜಿ ಚುಚ್ಚಿದ ಕ್ಷಣವೇ ಆ ಮಾತು ಸುಳ್ಳಾಗುತ್ತದೆ, ಮುಂದಿನ ಸಲ ನೀವು ನಿಜ ಹೇಳಿದರೂ ಮಗು ನಂಬುವುದಿಲ್ಲ. 'ಸ್ವಲ್ಪ ಚುರುಕ್ಕೆನ್ನಬಹುದು, ನಾನು ಪಕ್ಕದಲ್ಲೇ ಇರುತ್ತೇನೆ' ಎಂಬಷ್ಟು ಮಾತು ಸಾಕು.

ರಕ್ತ ತೆಗೆಯುವ ದಿನ ನೀರು ಕುಡಿಯಬಾರದೆಂಬ ಸೂಚನೆ ಇಲ್ಲದಿದ್ದರೆ ಚೆನ್ನಾಗಿ ನೀರು ಕುಡಿಸಿ, ಕೈಗಳನ್ನು ಬೆಚ್ಚಗಿಡಿ. ರಕ್ತನಾಳ ಬೇಗ ಸಿಗುತ್ತದೆ. ಚರ್ಮವನ್ನು ಮರಗಟ್ಟಿಸುವ ಮುಲಾಮು ಸಿಗುವುದೇ ಎಂದು ಮೊದಲೇ ಕೇಳಿಕೊಳ್ಳಿ. ಲಿಡೊಕೇನ್ ಮತ್ತು ಪ್ರಿಲೊಕೇನ್ ಸೇರಿದ ಮುಲಾಮು ಕೆಲಸ ಮಾಡಲು ಸಾಮಾನ್ಯವಾಗಿ 60 ನಿಮಿಷ ಬೇಕಾಗುವುದರಿಂದ, ಸರದಿ ಬಂದಾಗ ಕೇಳಿದರೆ ಪ್ರಯೋಜನವಿಲ್ಲ.

ಚುಚ್ಚುವ ಹೊತ್ತಿನಲ್ಲಿ ಮಗುವನ್ನು ಅಂಗಾತ ಮಲಗಿಸಿ ನಾಲ್ಕು ಜನ ಅದುಮಿ ಹಿಡಿಯುವುದಕ್ಕಿಂತ ನಿಮ್ಮ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಎಷ್ಟೋ ಮೇಲು. ಮಗುವಿನ ಎದೆ ನಿಮ್ಮ ಎದೆಗೆ ತಾಗುವಂತೆ ಕೂರಿಸಿ, ಒಂದು ತೋಳಿನಿಂದ ಅದರ ಬೆನ್ನನ್ನು ಬಳಸಿ, ಸೂಜಿ ಚುಚ್ಚಬೇಕಾದ ಕೈಯನ್ನು ನಿಮ್ಮ ಪಕ್ಕದಿಂದ ಹೊರಕ್ಕೆ ಚಾಚಿಸಿದರೆ, ಮಗುವಿಗೆ ಅದು ಅಪ್ಪುಗೆಯಾಗಿಯೂ ಸಿಬ್ಬಂದಿಗೆ ಅಲುಗದ ಕೈಯಾಗಿಯೂ ಒದಗುತ್ತದೆ. ಎದೆಹಾಲು ಕುಡಿಯುವ ಕೂಸಿಗೆ ಆಗಲೇ ಹಾಲೂಡಿಸಿದರೆ ನೋವು ಕಡಿಮೆಯಾಗುತ್ತದೆ. ದೊಡ್ಡ ಮಕ್ಕಳಿಗೆ ಸೋಪಿನ ಗುಳ್ಳೆ ಊದಿಸಬಹುದು, ಕಥೆ ಹೇಳಬಹುದು. 'ಹೆದರಬೇಡ, ಹೆದರಬೇಡ' ಎಂಬ ಜಪದಿಂದ ಮಗುವಿನ ಗಮನ ಹೆದರಿಕೆಯ ಮೇಲೆಯೇ ಉಳಿಯುತ್ತದೆ. ಆ ಜಪ ಬಹುಮಟ್ಟಿಗೆ ನಮ್ಮ ಸಮಾಧಾನಕ್ಕೇ ಎನ್ನಬೇಕು. ಯಾವ ಕೈ, ನೋಡುವುದೋ ಬೇಡವೋ ಎಂಬುದನ್ನು ಮಗುವೇ ಆರಿಸಲಿ, ಆದರೆ 'ಈಗ ಚುಚ್ಚಿಸಿಕೊಳ್ಳುತ್ತೀಯಾ?' ಎಂದು ಕೇಳಬೇಡಿ. 'ಇಲ್ಲ' ಎಂಬ ಉತ್ತರವನ್ನು ನೀವು ಒಪ್ಪುವಂತಿಲ್ಲ. ಹದಿಹರೆಯದವರಲ್ಲಿ ಕೆಲವರಿಗೆ ತಲೆ ಸುತ್ತಿ ಬರುತ್ತದೆ. ಹಿಂದೆ ಹಾಗಾಗಿದ್ದರೆ ಮಲಗಿಸಿಯೇ ರಕ್ತ ತೆಗೆಯುವಂತೆ ಕೇಳಿ.

ಎಕ್ಸ್-ರೇ ಮತ್ತು ಅಲ್ಟ್ರಾಸೌಂಡ್ ನೋಯುವುದಿಲ್ಲವಾದ್ದರಿಂದ ಹೆಚ್ಚು ಸಿದ್ಧತೆ ಬೇಡ. ಹೊಟ್ಟೆಗೆ ಹಚ್ಚುವ ಜೆಲ್ ತಣ್ಣಗಿರುತ್ತದೆ ಎಂದು ಹೇಳಿದ್ದರೆ ಸಾಕು. ಎಂಆರ್‌ಐ ಬೇರೆಯೇ ಮಾತು. ಬಲವಾದ ಅಯಸ್ಕಾಂತದ ನೆರವಿನಿಂದ ಮೈಯೊಳಗಿನ ಚಿತ್ರ ತೆಗೆಯುವ ಈ ಸ್ಕ್ಯಾನಿನಲ್ಲಿ ಎಕ್ಸ್-ರೇ ವಿಕಿರಣ ಇರುವುದಿಲ್ಲ, ಆದರೆ ಕೊಳವೆಯೊಳಗೆ ಬಹಳ ಹೊತ್ತು ಅಲುಗದೆ ಮಲಗಬೇಕು, ಯಂತ್ರ ಜೋರಾಗಿ ಬಡಿಯುತ್ತದೆ. ಮನೆಯಲ್ಲಿ ಮೇಜಿನ ಕೆಳಗೆ ಮಲಗಿಸಿ, ಆ ಸದ್ದಿನ ಧ್ವನಿಮುದ್ರಿಕೆ ಕೇಳಿಸುತ್ತ ಪ್ರತಿಮೆಯಂತೆ ಇರುವ ಆಟ ಆಡಿಸಿದರೆ ಮಗುವಿಗೆ ಅಭ್ಯಾಸವಾಗುತ್ತದೆ. ಕ್ಲಿಪ್, ಗುಂಡಿ, ಲೋಹದ ಆಟಿಕೆಗಳನ್ನು ಮನೆಯಲ್ಲೇ ಬಿಟ್ಟುಬರಬೇಕು. ಮೈಯೊಳಗೆ ಯಾವುದೇ ಸಾಧನ ಅಳವಡಿಸಿದ್ದರೆ, ನಿಮ್ಮದಾದರೂ ಸರಿ, ಒಳಗೆ ಹೋಗುವ ಮೊದಲೇ ಸಿಬ್ಬಂದಿಗೆ ತಿಳಿಸಬೇಕು.

ಅರಿವಳಿಕೆ ಕೊಡುವುದಿದ್ದರೆ ಗಟ್ಟಿ ಆಹಾರ, ಎದೆಹಾಲು ಮತ್ತು ನೀರು ನಿಲ್ಲಿಸುವ ಹೊತ್ತು ಬೇರೆಬೇರೆ ಇರುವುದರಿಂದ ಮೂರನ್ನೂ ಪ್ರತ್ಯೇಕವಾಗಿ ಕೇಳಿ ಬರೆದಿಟ್ಟುಕೊಳ್ಳಿ. ಅಳುವ ಮಗುವಿಗೆ ಕನಿಕರದಿಂದ ಕೊಟ್ಟ ಒಂದೇ ಬಿಸ್ಕತ್ತಿನಿಂದಲೂ ಪರೀಕ್ಷೆ ಮುಂದೂಡಬೇಕಾಗಬಹುದು.

ಎಲ್ಲ ಮುಗಿದ ಮೇಲೆ 'ಅಳಲಿಲ್ಲ, ಜಾಣ' ಎಂದು ಹೊಗಳುವ ಬದಲು 'ಕೈಯನ್ನು ಅಲುಗಿಸದೆ ಹಿಡಿದಿದ್ದೆ' ಎಂದು ಮಗು ಮಾಡಿದ್ದನ್ನೇ ಹೆಸರಿಸಿ ಹೇಳಿ; ಅತ್ತ ಮಗುವಿಗೂ ಆ ಮೆಚ್ಚುಗೆ ಸಲ್ಲುತ್ತದೆ. ಯಾವ ಕೈಯಲ್ಲಿ ರಕ್ತನಾಳ ಸಿಕ್ಕಿತು, ಯಾವ ಉಪಾಯ ಫಲಿಸಿತು ಎಂಬುದನ್ನು ವರದಿಗಳ ಕಡತದಲ್ಲೇ ಬರೆದಿಟ್ಟರೆ, ಮುಂದಿನ ಸಲ ಬೇರೆ ಸಿಬ್ಬಂದಿ ಇದ್ದರೂ ಅವರಿಗೆ ಅದನ್ನು ತೋರಿಸಬಹುದು.