ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಇತಿಹಾಸ ಹುಡುಕಲು ಹೋದಾಗ

ಕ್ಲಬ್ ತಂಡದ ಇತಿಹಾಸ ಬರೆಯೋದು ಸುಲಭ. ಸಂಜೆ ಕೋರ್ಟ್ ಹತ್ತಿರ ಹೋದರೆ ಕಟ್ಟೆ ಮೇಲೆ ಕೂತ ಹಿರಿಯರೇ ಅರ್ಧ ಕಥೆ ಹೇಳಿಬಿಡುತ್ತಾರೆ. ವಿಶ್ವವಿದ್ಯಾಲಯದ ತಂಡ ಹಾಗಲ್ಲ. ಪ್ರತಿ ವರ್ಷ ಅಂತರ ಕಾಲೇಜು ಟೂರ್ನಿ ನೋಡಿ ಬೇರೆ ಬೇರೆ ಕಾಲೇಜಿನ ಹನ್ನೆರಡು ಹುಡುಗರನ್ನು ಆರಿಸುತ್ತಾರೆ, ಕ್ಯಾಂಪ್ ಮಾಡುತ್ತಾರೆ, ದಕ್ಷಿಣ ವಲಯದ ಅಂತರ ವಿವಿ ಟೂರ್ನಿಗೆ ರೈಲು ಹತ್ತಿಸುತ್ತಾರೆ. ಅಲ್ಲಿ ಮೇಲೆ ಬಂದರೆ ಅಖಿಲ ಭಾರತ ಟೂರ್ನಿ, ಇಲ್ಲದಿದ್ದರೆ ತಂಡದ ಆಯುಸ್ಸು ಅಷ್ಟೇ. ಎಲ್ಲರೂ ಕಾಲೇಜಿಗೆ ವಾಪಸ್ ಬಂದು ಒಬ್ಬರ ಎದುರು ಒಬ್ಬರು ಆಡುತ್ತಿರುತ್ತಾರೆ.

ಹಾಗಾಗಿ ಬೆಂಗಳೂರು ವಿವಿಯ ಪುರುಷರ ತಂಡದ ಬಗ್ಗೆ ಬರೆಯಲು ಕೂತಾಗ ಗೆದ್ದ ಸೋತ ಪಟ್ಟಿಯನ್ನು ನಾನು ಪಕ್ಕಕ್ಕಿಟ್ಟೆ. ಯಾವ ಕಾಲೇಜು ಯಾವ ವರ್ಷ ಯಾವ ವಿವಿ ಕೆಳಗಿತ್ತು ಅಂತ ಮೊದಲು ಒಂದು ಚಾರ್ಟ್ ಮಾಡಿಕೊಂಡೆ. ಬೆಂಗಳೂರು ವಿವಿ ಶುರುವಾದದ್ದು 1964ರಲ್ಲಿ. ಅದಕ್ಕೆ ಮುಂಚೆ ಸೆಂಟ್ರಲ್ ಕಾಲೇಜಿನ ಹುಡುಗ ಆಯ್ಕೆಯಾದರೆ ಅವನು ಆಡಬೇಕಿದ್ದದ್ದು ಮೈಸೂರು ವಿವಿಗೆ. 1998ರಲ್ಲಿ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿವಿ ಬಂತು, ಎಂಜಿನಿಯರಿಂಗ್ ಕಾಲೇಜುಗಳು ಅತ್ತ ಹೋದವು, ಬೆಂಗಳೂರು ವಿವಿಯದ್ದೇ ಎಂಜಿನಿಯರಿಂಗ್ ಕಾಲೇಜಾದ ಯುವಿಸಿಇ ಮಾತ್ರ ಇಲ್ಲೇ ಉಳಿಯಿತು. 2008ರಲ್ಲಿ ಕ್ರೈಸ್ಟ್ ಕಾಲೇಜು ಡೀಮ್ಡ್ ವಿವಿ, ಅಂದರೆ ತಾನೇ ಒಂದು ವಿವಿ ಅನ್ನೋ ಮಾನ್ಯತೆ ಪಡೆದ ಸಂಸ್ಥೆ ಆಯಿತು, ಅದೇ ವರ್ಷ ಜೈನ್ ಕೂಡ. ಒಂದೇ ಆಯ್ಕೆ ಟ್ರಯಲ್ಸ್‌ಗೆ ಬರುತ್ತಿದ್ದವರು ಈಗ ದಕ್ಷಿಣ ವಲಯದಲ್ಲಿ ಎದುರಾಳಿಗಳು! 2017ರಲ್ಲಿ ಬೆಂಗಳೂರು ಕೇಂದ್ರ ವಿವಿ, ಬೆಂಗಳೂರು ಉತ್ತರ ವಿವಿ ಬೇರೆಯಾಗಿ ನಮ್ಮ ವಿವಿಯೇ ಪಾಲಾಯಿತು. 2022ರಲ್ಲಿ ಸೇಂಟ್ ಜೋಸೆಫ್ಸ್ ತಾನೇ ವಿವಿ ಆಯಿತು.

ಇದನ್ನೆಲ್ಲ ಬಿಟ್ಟು ಸುಮ್ನೆ ಕಪ್ ಎಣಿಸಿದರೆ "ಆ ಕಾಲದ ಹುಡುಗರೇ ಬೇರೆ, ಈಗಿನವರಿಗೆ ಶ್ರದ್ಧೆ ಇಲ್ಲ" ಅಂತ ಬರೆದುಬಿಡುತ್ತೇವೆ, ಅಲ್ವಾ? ಹುಡುಗರದ್ದೇನೂ ತಪ್ಪಿಲ್ಲ ಸ್ವಾಮಿ, ಆರಿಸೋ ಬುಟ್ಟಿಯೇ ಚಿಕ್ಕದಾಗಿದೆ.

ಆಮೇಲೆ ಫೋಟೋಗಳು. ಜಾಸ್ತಿ ಮಜಾ ಬಂದದ್ದು ಇಲ್ಲೇ. ಹಳೆಯ ಆಟಗಾರರ ಮನೆಯಲ್ಲಿ ಫೋಟೋ ಸಿಗುತ್ತದೆ, ಹಿಂದೆ ಇಸವಿ ಇರುವುದಿಲ್ಲ. ಆಗ ಕೋರ್ಟನ್ನೇ ನೋಡಬೇಕು. ಅಂತರರಾಷ್ಟ್ರೀಯ ನಿಯಮಕ್ಕೆ ಮೂರು ಪಾಯಿಂಟಿನ ಗೆರೆ ಬಂದದ್ದು 1984ರಲ್ಲಿ, ಆಗ 6.25 ಮೀಟರ್. 2010ರಲ್ಲಿ ಅದು 6.75 ಮೀಟರ್ ಆಯಿತು. ರಿಂಗ್ ಕೆಳಗೆ ಅಗಲವಾಗಿ, ಫ್ರೀ ಥ್ರೋ ಗೆರೆ ಕಡೆ ಕಿರಿದಾಗಿದ್ದ ಗುರುತಿನ ಜಾಗ ಅದೇ ವರ್ಷ ನೇರ ಆಯತವಾಯಿತು. ಆದರೆ ಇದನ್ನು ಒಂದೇ ದಿಕ್ಕಿನಲ್ಲಿ ಓದಬೇಕು. ಮೂರು ಪಾಯಿಂಟಿನ ಗೆರೆ ಇದ್ದರೆ ಫೋಟೋ 1984ರ ನಂತರದ್ದು, ಅದು ಸರಿ. ಗೆರೆ ಇಲ್ಲದಿದ್ದರೆ ಏನೂ ಗೊತ್ತಾಗುವುದಿಲ್ಲ. ನಿಯಮ ಬದಲಾದ ಮಾರನೇ ದಿನವೇ ಎಲ್ಲ ಕಾಲೇಜಿನ ಸಿಮೆಂಟ್ ಕೋರ್ಟಿಗೂ ಬಣ್ಣ ಬಳಿಯುತ್ತಾರಾ?

ಸ್ಕೋರ್‌ಶೀಟ್ ಸಿಕ್ಕರಂತೂ ಹಬ್ಬ. ಇಪ್ಪತ್ತು ನಿಮಿಷದ ಎರಡು ಅರ್ಧ ಹೋಗಿ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಆದದ್ದು 2000ದಲ್ಲಿ. ಶೀಟಿನಲ್ಲಿ ನಾಲ್ಕು ಕ್ವಾರ್ಟರ್ ಕಂಡರೆ ಅದಕ್ಕಿಂತ ಹಿಂದೆ ಹುಡುಕಬೇಡಿ.

ಹೆಸರುಗಳ ವಿಷಯ ತಲೆನೋವು. ಪತ್ರಿಕೆಯಲ್ಲಿ ಒಂದು ಹೆಸರು, ಪಕ್ಕದಲ್ಲಿ ಹೊಡೆದ ಪಾಯಿಂಟ್, ಅಷ್ಟೇ. ಮಂಜುನಾಥ ಅಂದರೆ ಯಾವ ಮಂಜುನಾಥ? ಟೂರ್ನಿಗೆ ಆಟಗಾರನ ಅರ್ಹತೆ ತೋರಿಸೋ ಎಲಿಜಿಬಿಲಿಟಿ ಫಾರಂ ಸಿಕ್ಕರೆ ತಂದೆ ಹೆಸರು, ಕಾಲೇಜು, ಹುಟ್ಟಿದ ದಿನ ಎಲ್ಲ ಇರುತ್ತದೆ. ಒಂದು ಕಾಲೇಜಿನಲ್ಲಿ ಅವು ಹಳೇ ಪೇಪರ್ ಜೊತೆ ಗುಜರಿಗೆ ಹೋಗಿದ್ದವು. ಅಂಥ ಕಡೆ ಆಟಗಾರರನ್ನೇ ಕೇಳಬೇಕು. "ನಿಮ್ಮ ತಂಡದಲ್ಲಿ ಯಾರ್ಯಾರಿದ್ರು ಸಾರ್?" ಅಂದರೆ ಐದು ಹೆಸರಿಗೆ ನಿಲ್ಲುತ್ತಾರೆ. "ರೈಲಲ್ಲಿ ನಿಮ್ಮ ಪಕ್ಕ ಯಾರು ಕೂತಿದ್ರು, ಇಸ್ಪೀಟು ಯಾರು ತಂದಿದ್ರು?" ಅಂತ ಕೇಳಿ ನೋಡಿ, ಬೆಂಚಿನ ಮೇಲಿದ್ದವರೂ ಹೊರಗೆ ಬರುತ್ತಾರೆ. ಹಾಗೆ ಬಂದ ಹೆಸರನ್ನು ಇನ್ನೊಬ್ಬರ ಸರ್ಟಿಫಿಕೇಟ್ ಜೊತೆ ತಾಳೆ ನೋಡದೆ ನಾನು ಪಟ್ಟಿಗೆ ಹಾಕುವುದಿಲ್ಲ.

1964ಕ್ಕೆ ಮುಂಚೆ ಮೈಸೂರಿಗೆ ಆಡಿದ ಬೆಂಗಳೂರಿನವರನ್ನು ಏನು ಮಾಡೋದು ಅಂತ ಬಹಳ ಯೋಚಿಸಿದೆ. ಕೊನೆಗೆ ಅವರಿಗೇ ಒಂದು ಅಧ್ಯಾಯ ಕೊಟ್ಟೆ, ನಮ್ಮ ತಂಡದ ಲೆಕ್ಕಕ್ಕೆ ಸೇರಿಸಲಿಲ್ಲ. 2017ರ ನಂತರ ಬೇರೆಯಾದ ವಿವಿಗಳ ತಂಡದ ಕಥೆಯನ್ನು ಅಲ್ಲಿ ಆಡಿದವರೇ ಬರೆಯಲಿ. ಚಾರ್ಟ್ ಬೇಕಿದ್ದರೆ ಕೇಳಿ, ಕೊಡುತ್ತೇನೆ.