ಪ್ರೋಬಯಾಟಿಕ್ ತಳಿಗಳಲ್ಲಿ ಟಾಕ್ಸಿನ್-ಆಂಟಿಟಾಕ್ಸಿನ್ ಜೀನ್‌ಗಳನ್ನು ನಾನು ಪರೀಕ್ಷಿಸಿದ ಬಗೆ

ಪುಣೆಯ ಪ್ರಯೋಗಾಲಯದಲ್ಲಿ ನಾನು ಪ್ರೋಬಯಾಟಿಕ್ (ಆರೋಗ್ಯಕ್ಕೆ ಒಳ್ಳೆಯದೆಂದು ಸೇವಿಸುವ) ಲ್ಯಾಕ್ಟೋಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳ ಟಾಕ್ಸಿನ್-ಆಂಟಿಟಾಕ್ಸಿನ್ ಜೀನ್‌ಗಳನ್ನು (ಒಂದು ವಿಷವನ್ನೂ ಅದನ್ನು ತಡೆಯುವ ಪ್ರತಿವಿಷವನ್ನೂ ತಯಾರಿಸುವ ಜೀನ್ ಜೋಡಿಗಳನ್ನು) ಕೈಗೆತ್ತಿಕೊಂಡದ್ದು ತಳಿಗಳನ್ನು ಬೇರ್ಪಡಿಸಿ ಗುರುತಿಸುವ ತೊಡಕಿನಿಂದಾಗಿ. ಕೇಸಿಯೈ, ಪ್ಯಾರಾಕೇಸಿಯೈ, ರ‍್ಯಾಮ್ನೋಸಸ್ ಪ್ರಭೇದಗಳ 16ಎಸ್ ಜೀನ್‌ಗಳು (ಬ್ಯಾಕ್ಟೀರಿಯಾವನ್ನು ಗುರುತಿಸಲು ಸಾಮಾನ್ಯವಾಗಿ ಓದುವ ಜೀನ್) ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅದೊಂದನ್ನೇ ಓದಿ ಪ್ರಭೇದವನ್ನು ಹೇಳುವುದೇ ಕಷ್ಟ. ತಳಿಯನ್ನು ಹೇಳುವುದಂತೂ ಆಗದು.

ಇಂಥ ಜೋಡಿಗಳಲ್ಲಿ ಹಲವು ಬಗೆಗಳಿದ್ದು, ನಾನು ನೋಡಿದವು ‘ಎರಡನೇ ಬಗೆ’ ಎಂದು ಕರೆಯುವಂಥವು. ಇವುಗಳಲ್ಲಿ ಟಾಕ್ಸಿನ್ ಸ್ಥಿರವಾದ ಪ್ರೋಟೀನ್. ಅದನ್ನು ಕಟ್ಟಿಹಾಕುವ ಆಂಟಿಟಾಕ್ಸಿನ್ ಕೂಡ ಪ್ರೋಟೀನೇ, ಆದರೆ ಅದು ಬೇಗ ಒಡೆದುಹೋಗುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾದ ಎಫ್ ಪ್ಲಾಸ್ಮಿಡ್‌ನಲ್ಲಿ (ಮುಖ್ಯ ವರ್ಣತಂತುವಿನಿಂದ ಬೇರೆಯಾದ ಚಿಕ್ಕ ಡಿಎನ್‌ಎ ಉಂಗುರ) ಇಂಥ ಜೋಡಿಯೊಂದು 1983ರಲ್ಲಿ ವರದಿಯಾಯಿತು: ಪ್ಲಾಸ್ಮಿಡ್ ಕಳೆದುಕೊಂಡ ಕೋಶದಲ್ಲಿ ಆಂಟಿಟಾಕ್ಸಿನ್ ಮುಗಿದು, ಉಳಿದ ಟಾಕ್ಸಿನ್ ಆ ಕೋಶವನ್ನೇ ಕೊಲ್ಲುತ್ತದೆ. ಈ ಟಾಕ್ಸಿನ್ ಕೋಶದ ಒಳಗೇ ಕೆಲಸ ಮಾಡುವುದರಿಂದ ಪ್ರೋಬಯಾಟಿಕ್ ಸೇವಿಸುವವರು ಅದರ ಹೆಸರಿಗೆ ಹೆದರಬೇಕಾಗಿಲ್ಲ.

ಇಲ್ಲಿ ನೆಲೆಸಿರುವ ಬೆಳಗಾವಿ, ವಿಜಯಪುರ ಕಡೆಯ ಕುಟುಂಬಗಳು ತಮ್ಮ ಮನೆಯ ಹೆಪ್ಪನ್ನು ಕೊಟ್ಟು ನೆರವಾದರು. ಅದರಿಂದ ಪಡೆದ ತಳಿಗಳನ್ನು ಎಂಆರ್‌ಎಸ್ ಎಂಬ ಪೋಷಕ ಮಾಧ್ಯಮದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿ, ದಪ್ಪ ಕೋಶಭಿತ್ತಿಯನ್ನು ಲೈಸೋಜೈಮ್‌ನಿಂದ ಸಡಿಲಿಸಿದ ಮೇಲೆ ಡಿಎನ್‌ಎ ತೆಗೆದೆ. ಪಿಸಿಆರ್‌ಗೆ (ಡಿಎನ್‌ಎಯ ಆಯ್ದ ಭಾಗವನ್ನು ನಕಲು ಮಾಡಿ ಹೆಚ್ಚಿಸುವ ವಿಧಾನಕ್ಕೆ) ಪ್ರೈಮರ್‌ಗಳನ್ನು, ಅಂದರೆ ನಕಲು ಆರಂಭಿಸುವ ಚಿಕ್ಕ ಡಿಎನ್‌ಎ ತುಣುಕುಗಳನ್ನು, ಜೀನಿನ ಒಳಗೆ ಇಡದೆ ಜೋಡಿಯ ಎರಡೂ ಬದಿಯಲ್ಲಿ ಇಟ್ಟೆ; ಹಾಗೆ ಮಾಡಿದರೆ ಜೋಡಿ ಇದೆಯೋ ಇಲ್ಲವೋ ಎಂಬುದರ ಜೊತೆಗೆ, ನಡುವೆ ಬೇರೆ ಡಿಎನ್‌ಎ ಸೇರಿಕೊಂಡಿದ್ದರೆ ಅಥವಾ ಒಂದು ಭಾಗ ಕಳೆದುಹೋಗಿದ್ದರೆ ಅದೂ ಡಿಎನ್‌ಎ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಕಾಣುತ್ತದೆ. ಒಂದೇ ಪ್ರಭೇದದ ತಳಿಗಳು ಕೂಡ ಇಂಥ ಜೋಡಿಗಳಲ್ಲಿ ಪರಸ್ಪರ ಭಿನ್ನವಾಗಿರುವುದರಿಂದ, ಹಲವು ಜೋಡಿಗಳನ್ನು ಒಟ್ಟಿಗೆ ನೋಡಿದಾಗ ತಳಿಯ ಗುರುತು ಸಿಗುತ್ತದೆ. ನನ್ನ ಮಟ್ಟಿಗೆ ಈ ಜೀನ್‌ಗಳ ಅತ್ಯಂತ ಭರವಸೆಯ ಉಪಯೋಗ ಇದೇ.

ಆದರೆ ಜೀನ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎನ್ನುವಂತಿಲ್ಲ. ಅದನ್ನು ತಿಳಿಯಲು ಟಾಕ್ಸಿನ್ ಜೀನನ್ನು ಅರಬಿನೋಸ್ ಎಂಬ ಸಕ್ಕರೆಯಿಂದ ಚಾಲನೆಗೊಳ್ಳುವ ವೆಕ್ಟರ್‌ನಲ್ಲಿ (ಜೀನನ್ನು ಕೋಶದೊಳಗೆ ಒಯ್ಯುವ ಡಿಎನ್‌ಎಯಲ್ಲಿ) ಸೇರಿಸಿ ಇ. ಕೋಲೈಗೆ ಹಾಕಿದೆ. ಅರಬಿನೋಸ್ ಕೊಡುವವರೆಗೆ ಆ ಜೀನನ್ನು ಅದುಮಿಡಲು ಗ್ಲೂಕೋಸ್ ಬಹಳ ಮುಖ್ಯ: ಅದಿಲ್ಲದ ತಟ್ಟೆಯಲ್ಲಿ ಅಲ್ಪಸ್ವಲ್ಪ ಸೋರಿಕೆಯಿಂದಲೇ ಟಾಕ್ಸಿನ್ ತಯಾರಾಗಿ, ಕೊನೆಗೆ ರೂಪಾಂತರದಿಂದ (ಮ್ಯುಟೇಶನ್) ಕೆಟ್ಟ ಜೀನನ್ನು ಹೊತ್ತ ಕಾಲೊನಿಗಳಷ್ಟೇ ಉಳಿಯುವ ಸಂಭವವಿದೆ. ಆದ್ದರಿಂದ ಪ್ರತಿ ಕಾಲೊನಿಯ ಅನುಕ್ರಮವನ್ನೂ ಓದಿಸಿದೆ. ಅರಬಿನೋಸ್ ಕೊಟ್ಟಾಗ ಬೆಳವಣಿಗೆ ನಿಂತು, ಬೇರೆ ಪ್ಲಾಸ್ಮಿಡ್‌ನಿಂದ ಆಂಟಿಟಾಕ್ಸಿನ್ ಒದಗಿಸಿದಾಗ ಮತ್ತೆ ಆರಂಭವಾದರೆ ಮಾತ್ರ ಆ ಜೋಡಿಯನ್ನು ಸಕ್ರಿಯವೆಂದು ಬರೆದುಕೊಂಡೆ.

ಜೀರ್ಣಾಂಗದಲ್ಲಿ ಎದುರಾಗುವ ಪಿತ್ತಲವಣ ಮತ್ತು ಆಮ್ಲದ ಒತ್ತಡದಲ್ಲಿ ಈ ಜೀನ್‌ಗಳ ಆರ್‌ಎನ್‌ಎ (ಜೀನಿನಿಂದ ತಯಾರಾಗುವ ನಕಲು) ಅಳೆಯುವಾಗ ಹೆಚ್ಚಿನ ಎಚ್ಚರ ಬೇಕು. ಆಂಟಿಟಾಕ್ಸಿನ್ ತನ್ನದೇ ಪ್ರಮೋಟರನ್ನು (ಜೀನನ್ನು ಚಾಲನೆಗೊಳಿಸುವ ಡಿಎನ್‌ಎ ಭಾಗವನ್ನು) ಅದುಮಿಡುತ್ತದೆಯಾದ್ದರಿಂದ ಅದು ಒಡೆದಾಗ ಆರ್‌ಎನ್‌ಎ ಏರುತ್ತದೆ. ಆ ಏರಿಕೆಯಿಂದ ಟಾಕ್ಸಿನ್ ಬಿಡುಗಡೆಯಾಗಿದೆ ಎಂದು ತೀರ್ಮಾನಿಸಲಾಗದು. ಇ. ಕೋಲೈಯಲ್ಲಿ ಒತ್ತಡವು ಟಾಕ್ಸಿನ್ ಸಕ್ರಿಯವಾಗದೆಯೇ ಪ್ರತಿಲೇಖನವನ್ನು (ಆರ್‌ಎನ್‌ಎ ತಯಾರಿಕೆಯನ್ನು) ಹೆಚ್ಚಿಸಬಲ್ಲದು ಎಂದು 2020ರಲ್ಲಿ ಪ್ರಕಟವಾಯಿತು. ಪ್ರತಿಜೀವಕವನ್ನು ತಾಳಿ ಉಳಿಯುವ ಕೋಶಗಳಿಗೆ ಈ ಜೋಡಿಗಳೇ ಕಾರಣವೆಂದ 2013ರ ಪ್ರಮುಖ ಪ್ರಬಂಧವೊಂದನ್ನು, ಬಳಸಿದ ತಳಿಗಳಿಗೆ ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಸೋಂಕು ತಗುಲಿದ್ದು ತಿಳಿದು, 2018ರಲ್ಲಿ ಹಿಂಪಡೆಯಲಾಯಿತು. ಹಾಗಾಗಿ ಕರುಳಿನಲ್ಲಿ ಪ್ರೋಬಯಾಟಿಕ್ ಬದುಕುಳಿಯಲು ಈ ಜೀನ್‌ಗಳೇ ಆಧಾರವೆಂಬ ಹೇಳಿಕೆಯನ್ನು, ಜೋಡಿಯನ್ನು ತೆಗೆದುಹಾಕಿದ ತಳಿಯೊಂದಿಗೆ ಮೂಲ ತಳಿಯನ್ನು ಹೋಲಿಸಿ ನೋಡದೆ ನಾನು ಒಪ್ಪುವುದಿಲ್ಲ. ಅಂಥ ತಳಿಗಳನ್ನು ಕಟ್ಟುವ ಕೆಲಸದಲ್ಲಿ ಈಗ ತೊಡಗಿದ್ದೇನೆ.