ಫೈಲ್ ಅಳಿಸಿದೆ, ನಂಬರ್‌ಗಳು ಅಲ್ಲೇ ಇದ್ದವು

ಪಾಂಡವಪುರದ ಹತ್ತಿರ ನಮ್ಮ ಸೋದರಮಾವನ ಆಲೆಮನೆ ಇದೆ. ಯಾರ ಕಬ್ಬು ಎಷ್ಟು ಟನ್ ಬಂತು, ಎಷ್ಟು ದುಡ್ಡು ಬಾಕಿ ಅಂತ ರೈತರಿಗೆ ಮೆಸೇಜ್ ಕಳಿಸುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕೋಡ್ ಇಡುವ ಗಿಟ್‌ಹಬ್ ಅನ್ನೋ ವೆಬ್‌ಸೈಟಿನಲ್ಲಿ, ಎಲ್ಲರಿಗೂ ಕಾಣುವ ರೆಪೊದಲ್ಲಿ (ಪ್ರಾಜೆಕ್ಟಿನ ಫೋಲ್ಡರ್) ಇದೂ ಇತ್ತು. ಒಂದು ರಾತ್ರಿ ಕುವೆಂಪುನಗರದ ರೂಮಿನಲ್ಲಿ ಕೂತು ನೋಡಿದರೆ, ಮೆಸೇಜ್ ಸೇವೆಯ ಕೀ (ಪಾಸ್‌ವರ್ಡ್ ಥರದ ಗುಟ್ಟಿನ ಕೋಡ್), ರೈತರ ಫೋನ್ ನಂಬರ್ ಪಟ್ಟಿ ಎರಡೂ ಅದರೊಳಗೇ ಇವೆ! ತಪ್ಪು ನನ್ನದೇ.

ಎರಡೂ ಫೈಲ್ ಅಳಿಸಿ ಕಮಿಟ್ ಮಾಡಿದೆ, ಅಂದರೆ ಕೋಡಿನ ಬದಲಾವಣೆಗಳನ್ನು ನೆನಪಿಡುವ ಗಿಟ್ ಅನ್ನೋ ಟೂಲ್‌ನಲ್ಲಿ ದಾಖಲಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ಹಿಂದಿನ ಕಮಿಟ್ ತೆರೆದರೆ ಪಟ್ಟಿ ಹಾಗೇ ಇತ್ತು. ಗಿಟ್ ಇರುವುದೇ ಹಳೆಯದನ್ನು ಕಾಪಾಡೋಕೆ, ಅಲ್ವಾ?

ನಿಮಗೂ ಹೀಗಾದರೆ ಮೊದಲು ಹಿಸ್ಟರಿಗೆ (ಹಳೇ ಕಮಿಟ್‌ಗಳ ದಾಖಲೆಗೆ) ಕೈ ಹಾಕಬೇಡಿ, ಕೀ ರದ್ದು ಮಾಡಿ. ಒಂದು ಸಲ ಹೊರಗೆ ಹೋದ ಕೀಯನ್ನು ಯಾರು ನಕಲು ಮಾಡಿಕೊಂಡರೋ ಗೊತ್ತಾಗಲ್ಲ. ನಾನು ರದ್ದು ಮಾಡಿದೆ, ಹೊಸದನ್ನು ಆಲೆಮನೆಯ ಕಂಪ್ಯೂಟರಿಗೆ ಹಾಕೋದು ಮರೆತೆ. ಬೆಳಿಗ್ಗೆಯೇ ಮಾವನ ಫೋನ್: "ಲೋ, ಒಂದು ಮೆಸೇಜೂ ಹೋಯ್ತಾ ಇಲ್ವಲ್ಲೋ!"

ಹಿಸ್ಟರಿಯೇ ಬೇಡ ಅಂದರೆ ದಾರಿ ಸುಲಭ. ಆರ್ಫನ್ ಬ್ರಾಂಚ್ ಮಾಡಿ, ಅಂದರೆ ಹಿಂದೆ ಮುಂದೆ ಯಾರೂ ಇಲ್ಲದ, ಹಳೇ ಕಮಿಟ್ ಒಂದೂ ಇಲ್ಲದ ಬ್ರಾಂಚ್ (ಕಮಿಟ್‌ಗಳ ಸಾಲು). ಈಗಿನ ಫೈಲ್‌ಗಳನ್ನು ಅದರಲ್ಲಿ ಒಂದೇ ಕಮಿಟ್ ಮಾಡಿ, ಹಳೇ ಮೇನ್ (ಮುಖ್ಯ ಬ್ರಾಂಚ್) ಅಳಿಸಿ, ಹೊಸದಕ್ಕೆ ಮೇನ್ ಅಂತ ಹೆಸರಿಟ್ಟು ಫೋರ್ಸ್ ಪುಶ್ ಮಾಡಿ, ಅಂದರೆ ಗಿಟ್‌ಹಬ್‌ನಲ್ಲಿರುವ ಹಳೆಯದರ ಜಾಗಕ್ಕೆ ಬಲವಂತವಾಗಿ ಕಳಿಸಿ. ಬೇರೆ ಬ್ರಾಂಚ್, ಟ್ಯಾಗ್‌ಗಳಿದ್ದರೆ (ಕಮಿಟ್‌ಗೆ ಇಟ್ಟ ಹೆಸರುಗಳು) ಅವನ್ನೂ ತೆಗೆಯಬೇಕು.

ನನಗೆ ಹಿಸ್ಟರಿ ಬೇಕಿತ್ತು, ಆ ಎರಡು ಫೈಲ್ ಮಾತ್ರ ಹೋಗಬೇಕಿತ್ತು. ಅದಕ್ಕೆ ಗಿಟ್ ಫಿಲ್ಟರ್-ರೆಪೊ ಅನ್ನೋ ಟೂಲ್ ಇದೆ. ಇದು ಗಿಟ್ ಜೊತೆ ಬರಲ್ಲ, ಪಿಪ್‌ನಿಂದ (ಪೈಥಾನ್ ಪ್ರೋಗ್ರಾಂಗಳನ್ನು ಹಾಕಿಕೊಡುವ ಟೂಲ್) ಹಾಕಿಕೊಳ್ಳಬೇಕು. ರೆಪೊವನ್ನು ಹೊಸದಾಗಿ ಕ್ಲೋನ್ (ನಮ್ಮ ಕಂಪ್ಯೂಟರಿಗೆ ನಕಲು) ಮಾಡಿ, ಟೂಲ್‌ನ ಕಮಾಂಡಿನಲ್ಲಿ --path ಅಂತ ಫೈಲ್ ಇರುವ ಜಾಗ, ಹೆಸರು ಕೊಟ್ಟು, ಕೊನೆಗೆ --invert-paths ಸೇರಿಸಿ. ಅದನ್ನು ಮರೆತರೆ ಉಲ್ಟಾ ಆಗುತ್ತೆ: ಆ ಫೈಲ್ ಒಂದೇ ಉಳಿದು ಮಿಕ್ಕಿದ್ದೆಲ್ಲ ಮಾಯ. ನನ್ನ ಪಟ್ಟಿ ಮೊದಲು ರೆಪೊದಲ್ಲೇ, ಯಾವ ಫೋಲ್ಡರಿನೊಳಗೂ ಇಲ್ಲದೆ ಇತ್ತು, ಆಮೇಲೆ ಡೇಟಾ ಫೋಲ್ಡರಿಗೆ ಹಾಕಿದ್ದೆ. ಒಂದೇ ಜಾಗ ಹೇಳಿದ್ದಕ್ಕೆ ಹಳೇ ಜಾಗದ್ದು ಉಳಿದುಬಿಟ್ಟಿತ್ತು. ಎರಡೂ ಪಾತ್ ಕೊಡಿ.

ಇದು ಮುಗಿದ ಮೇಲೆ ಒರಿಜಿನ್ (ಗಿಟ್‌ಹಬ್ ರೆಪೊದ ವಿಳಾಸ) ಕಾಣಿಸಲ್ಲ. ಗಾಬರಿ ಬೇಡ, ತಪ್ಪಿ ಪುಶ್ ಆಗಬಾರದು ಅಂತ ಟೂಲೇ ತೆಗೆದಿರುತ್ತೆ. ಮತ್ತೆ ಸೇರಿಸಿ, ಎಲ್ಲ ಬ್ರಾಂಚ್, ಟ್ಯಾಗ್‌ಗಳನ್ನೂ ಫೋರ್ಸ್ ಪುಶ್ ಮಾಡಿ. ಬ್ರಾಂಚ್‌ಗೆ ಪ್ರೊಟೆಕ್ಷನ್ (ಫೋರ್ಸ್ ಪುಶ್ ತಡೆಯುವ ಸೆಟ್ಟಿಂಗ್) ಇದ್ದರೆ ಸ್ವಲ್ಪ ಹೊತ್ತು ತೆಗೆದಿಡಿ.

ಆದರೂ ಹಳೇ ಕಮಿಟ್‌ನ ಲಿಂಕ್ ಇದ್ದವರಿಗೆ ಗಿಟ್‌ಹಬ್ ಅದನ್ನು ತೋರಿಸಬಹುದು. ಪುಲ್ ರಿಕ್ವೆಸ್ಟ್‌ಗಳಲ್ಲೂ (ಬದಲಾವಣೆ ಸೇರಿಸಿಕೊಳ್ಳಿ ಅಂತ ಕಳಿಸುವ ಕೋರಿಕೆ) ಉಳಿದಿರಬಹುದು, ಅಲ್ಲಿಗೆ ನಮ್ಮ ಪುಶ್ ತಲುಪಲ್ಲ. ಅದನ್ನು ತೆಗೆಸೋಕೆ ಗಿಟ್‌ಹಬ್ ಸಪೋರ್ಟ್‌ಗೇ ಬರೆಯಬೇಕು. ಬೇರೆಯವರ ಫೋರ್ಕ್‌ಗಳನ್ನು, ಅಂದರೆ ಗಿಟ್‌ಹಬ್‌ನಲ್ಲೇ ಅವರು ಮಾಡಿಕೊಂಡ ನಕಲುಗಳನ್ನು, ಅವರೇ ಅಳಿಸಬೇಕು.

ಎಲ್ಲ ಮುಗೀತು ಅಂದುಕೊಂಡೆ. ಮಾವನ ಮಗನ ಲ್ಯಾಪ್‌ಟಾಪಿನಲ್ಲಿ ಹಳೇ ಕ್ಲೋನ್ ಇತ್ತು. ಅವನು ಅದರಲ್ಲೇ ಪುಲ್ ಮಾಡಿ (ಹೊಸದನ್ನು ತಂದು), ಹಳೆಯದರ ಜೊತೆ ಮರ್ಜ್ ಮಾಡಿ (ಸೇರಿಸಿ), ಪುಶ್ ಮಾಡಿದ. ಪಟ್ಟಿ ವಾಪಸ್! ಎಲ್ಲವನ್ನೂ ಮೊದಲಿಂದ ಮಾಡಬೇಕಾಯಿತು. ಈ ಸಲ ಪಾಂಡವಪುರಕ್ಕೇ ಹೋಗಿ, ಅವನ ಪಕ್ಕ ಕೂತು, ಆ ಫೋಲ್ಡರ್ ಅಳಿಸಿ ಹೊಸದಾಗಿ ಕ್ಲೋನ್ ಮಾಡಿಸಿ ಬಂದೆ.